ಎಜೆಲ್ ಪೆಟಿಫರ್ ಸಡಿಲಿಸಿಟ್ಟ ನೆಲ

ಎಜೆಲ್ ಪೆಟಿಫರ್ ನಿಂತುಕೊಂಡು ನೆಲ ಅಗೆದದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಸತ್ತವರಿಗೆ ಗುಣಿ ತೋಡುವಾಗಲೂ ಅವನು ಮಂಡಿಯೂರಿಯೇ ತೋಡುತ್ತಿದ್ದ. ನಮ್ಮ ಸ್ಲೇಟರ್ ಫೋರ್ಕಿನ ಗಣಿಯಲ್ಲಿ ಕಲ್ಲಿದ್ದಲಿನ ಪದರ ಊಟದ ಮೇಜಿಗಿಂತ ಎತ್ತರವಿರಲಿಲ್ಲ. ಒಳಗೆ ಹೋದ ಗಂಡಸರು ಬಾಗಿ, ಮಂಡಿಯ ಮೇಲೆ ಕೂತು, ಕೆಲವು ಕಡೆ ಮಗ್ಗುಲಾಗಿ ಮಲಗಿಯೇ ಇದ್ದಲು ಕಡಿಯಬೇಕು. ಮೀಸೆ ಮೂಡುವ ಮೊದಲೇ ಒಳಗೆ ಹೋದ ಎಜೆಲ್, ಕಂಪನಿ ಗಣಿಗೆ ಬೀಗ ಹಾಕಿದ ಮೇಲೆಯೇ ಹೊರಗೆ ಬಂದದ್ದು. ಅಷ್ಟು ಹೊತ್ತಿಗೆ ನಿಂತು ಪಿಕಾಸಿ ಬೀಸುವುದು ಅವನ ಮೈಗೇ ಮರೆತುಹೋಗಿತ್ತು. ಲಾರಿಯ ಹಳೇ ಟೈರು ಕತ್ತರಿಸಿ ಅವನೇ ಹೊಲಿದುಕೊಂಡ ಮಂಡಿಕಟ್ಟುಗಳಿದ್ದವು. ಇದ್ದಲು ಕಡಿಯಲೂ ಅವೇ, ಗುಣಿ ತೋಡಲೂ ಅವೇ.

ಗಣಿಯಲ್ಲಿ ಅವನ ಜೊತೆ ದುಡಿದ ಲಾಂಜೊ, ಧೂಳು ತುಂಬಿ ಎದೆ ಕೆಟ್ಟ ಮೇಲೂ, ಗುಣಿ ತೋಡುವ ದಿನ ಬಂದು ಕಲ್ಲಿನ ಮೇಲೆ ಕೂತು ರೇಗಿಸುತ್ತಿದ್ದ.

"ಲೋ ಎಜೆಲ್, ಚರ್ಚ್‌ನಲ್ಲಿ ಇಷ್ಟು ಹೊತ್ತು ಮಂಡಿ ಊರಿದ್ರೆ ನಿನ್ನ ಪಾದ್ರಿ ಮಾಡ್ತಿದ್ರಲ್ಲೋ."

"ಪಾದ್ರಿ ಆದ್ರೆ ಜನದ ಜೊತೆ ಮಾತಾಡ್ಬೇಕು. ಇಲ್ಲಿರೋರು ಯಾರೂ ತಿರುಗಿ ಮಾತಾಡಲ್ಲ. ನಂಗೆ ಇದೇ ಆರಾಮ."

ಬೆಟ್ಟದ ಸೀಮೆಯಲ್ಲಿ ಸಮತಟ್ಟಾದ ನೆಲ ಸಿಗುವುದೇ ಅಪರೂಪ. ಸಿಕ್ಕಿದ್ದನ್ನೆಲ್ಲ ಕಂಪನಿ ತನ್ನ ಅಂಗಡಿಗೆ, ಕಚೇರಿಗೆ, ರೈಲಿಗೆ, ಚೆಂಡಾಟದ ಬಯಲಿಗೆ ತೆಗೆದುಕೊಂಡಿತ್ತು. ಹೊಳೆಯ ಪಕ್ಕ ಉಳಿದ ತುಂಡು ಬಿಳಿಯರ ಸಮಾಧಿಗೆ ಹೋಯಿತು. ಗಣಿ ಕೆಲಸಕ್ಕೆಂದು ಅಲಬಾಮಾದಿಂದ ರೈಲು ಹತ್ತಿಸಿಕೊಂಡು ಕರೆತಂದ, ಕರಿಯರಾದ ನಮ್ಮ ಹಿರಿಯರಿಗೆ ಕೊಳ್ಳದ ಮೇಲ್ತುದಿಯಲ್ಲಿ ಮನೆ ಕೊಟ್ಟರು. ಸತ್ತವರಿಗೆ ಆ ಮನೆಗಳ ಬೆನ್ನಿಗಿದ್ದ ಗುಡ್ಡ ಕೊಟ್ಟರು. ಮೇಕೆಯೂ ಯೋಚಿಸಿ ಹತ್ತಬೇಕಾದ ಗುಡ್ಡ ಅದು. ಮೇಲೆ ಗೇಣುದ್ದ ಮಣ್ಣು, ಕೆಳಗೆ ಬರೀ ಕಲ್ಲು. ಆದರೂ ನಮ್ಮವರೆಲ್ಲ ಅಲ್ಲೇ ಇದ್ದಾರೆ. ನನ್ನ ಅಪ್ಪ ಅಮ್ಮ, ನನ್ನ ಗಂಡ, ಹೆಸರಿಡುವ ಮೊದಲೇ ಹೋದ ನನ್ನ ಒಂದು ಕೂಸು, ಎಲ್ಲರೂ.

ನಮ್ಮ ಕೊಳ್ಳದಲ್ಲಿ ಗುಣಿಯನ್ನು ಹಿಂದಿನ ದಿನ ತೋಡುವುದಿಲ್ಲ. ಮಣ್ಣು ಮಾಡುವ ದಿನದ ಬೆಳಿಗ್ಗೆಯೇ ತೋಡಬೇಕು, ಸೂರ್ಯ ಮುಳುಗುವುದರೊಳಗೆ ಮುಚ್ಚಬೇಕು. ತೆರೆದ ಗುಣಿ ರಾತ್ರಿ ಕಳೆದರೆ ಅದು ಇನ್ನೊಬ್ಬರನ್ನು ಕೇಳುತ್ತದೆ ಎಂದು ನಮ್ಮ ಹಿರಿಯರ ನಂಬಿಕೆ. ತೋಡಿದವನಿಗೆ ದುಡ್ಡು ಕೊಡುವಂತಿಲ್ಲ. ಸಾವಾದ ಮನೆಯಿಂದ ಊಟ ಬರುತ್ತದೆ, ಮೊದಲ ತಟ್ಟೆ ತೋಡಿದವನದು. ಪಾದ್ರಿಯದು ಕೂಡ ಆಮೇಲೆ. ಮುಂಚೆ ಗಂಡಸರೆಲ್ಲ ಸರದಿಯಲ್ಲಿ ತೋಡುತ್ತಿದ್ದರು. ಬರಬರುತ್ತ ಆ ಕೆಲಸ ಎಜೆಲನ ಕೈಗೆ ಬಂತು. ಯಾರೂ ಅವನಿಗೆ ಒಪ್ಪಿಸಲಿಲ್ಲ, ಅವನೂ ಕೇಳಿ ತೆಗೆದುಕೊಳ್ಳಲಿಲ್ಲ. ಸಾವಿನ ಸುದ್ದಿ ಬಂದರೆ ಮಂಡಿಕಟ್ಟು ಕಟ್ಟಿಕೊಂಡು ಹೊರಡುತ್ತಿದ್ದ, ಅಷ್ಟೇ.

ನನ್ನ ಗಂಡ ಬರ್ಲ್ ಗಣಿಯ ಚಾವಣಿ ಕುಸಿದು ಸತ್ತಾಗ ನನಗಿನ್ನೂ ಎಳೆ ಪ್ರಾಯ. ಅವತ್ತು ಜಡಿಮಳೆ. ಬರ್ಲ್‌ಗೆಂದು ಆರಿಸಿದ ಜಾಗದಲ್ಲಿ ಅರ್ಧ ಆಳಕ್ಕೆ ಹೋಗುವುದರೊಳಗೆ ಹಾಸುಬಂಡೆ ಸಿಕ್ಕಿತು. ಪೆಟ್ಟಿಗೆ ಚರ್ಚಿನಲ್ಲಿ ಕಾಯುತ್ತಿತ್ತು. ಪಾದ್ರಿ ಪ್ರಾರ್ಥನೆ ಮುಗಿಸಿದರು, ಗುಡ್ಡದ ಮೇಲಿನ ಪಿಕಾಸಿ ಸದ್ದು ನಿಲ್ಲಲಿಲ್ಲ. ಮತ್ತೊಂದು ಹಾಡು ಎತ್ತಿದರು, ಆಗಲೂ ನಿಲ್ಲಲಿಲ್ಲ. ಹಾಡಿನ ಮೇಲೆ ಹಾಡು ಹಾಡುತ್ತ ಜನರ ಗಂಟಲು ಕಟ್ಟಿತು. ಹಾಡುಗಳ ನಡುವೆ ಮೌನವಾದಾಗಲೆಲ್ಲ ಮಳೆಯೊಳಗಿಂದ ಠಣ್ ಠಣ್ ಎಂದು ಕೇಳುತ್ತಿತ್ತು. ನಾನು ಪ್ರಾರ್ಥನೆ ಕೇಳಿಸಿಕೊಳ್ಳಲಿಲ್ಲ, ಆ ಸದ್ದನ್ನೇ ಕೇಳಿಸಿಕೊಂಡೆ. ಕಬ್ಬಿಣ ಕಲ್ಲಿಗೆ ಬಿದ್ದ ಸದ್ದು ಬೇರೆ, ಮಣ್ಣಿಗೆ ಬಿದ್ದ ಸದ್ದು ಬೇರೆ. ಮಧ್ಯಾಹ್ನದ ಹೊತ್ತಿಗೆ ಸದ್ದು ಮೆತ್ತಗಾಯಿತು. ಬಂಡೆ ಒಡೆಯಿತು ಎಂದು ಚರ್ಚಿನೊಳಗೆ ಕೂತೇ ನನಗೆ ಗೊತ್ತಾಯಿತು.

ಮೇಲೆ ಹತ್ತಿ ನೋಡಿದರೆ ಎಜೆಲನ ಅಂಗೈ ಕಿತ್ತುಹೋಗಿತ್ತು. ಗುಣಿಯ ಒಂದು ಬದಿ ತಳದಲ್ಲಿ ಒಳಕ್ಕೆ ಕೊರೆದುಹೋಗಿತ್ತು. ಗಣಿಯಲ್ಲಿ ಇದ್ದಲು ಬೀಳಿಸಲು ಮೊದಲು ಬುಡ ಕಡಿಯುತ್ತಾರಲ್ಲ, ಕೈಗೆ ಆ ಅಭ್ಯಾಸ. ಅವನು ನಾಚಿಕೊಂಡು, "ಬರ್ಲ್‌ಗೆ ಸ್ವಲ್ಪ ಜಾಸ್ತಿ ಅಗಲ ಆಯ್ತು, ಮೊಜೆಲಕ್ಕ" ಎಂದ. ಆ ದುಃಖದಲ್ಲೂ ನನಗೆ ನಗು ಬಂತು. "ಇರ್ಲಿ ಬಿಡು, ಮನೇಲೂ ಹಾಸಿಗೆ ತುಂಬ ಕೈಕಾಲು ಚೆಲ್ಲಿ ಮಲಗ್ತಿದ್ದ" ಎಂದೆ. ಗಂಡ ಹೋದ ಮೇಲೆ ನಾನು ಆಡಿದ ಮೊದಲ ಮಾತು ಅದು. ಅವನಿಗೆ ತಟ್ಟೆ ಕೊಟ್ಟೆ. ಮೆಕ್ಕೆಜೋಳದ ರೊಟ್ಟಿಯನ್ನು ಮಜ್ಜಿಗೆಗೆ ಮುರಿದು ಹಾಕಿಕೊಂಡು, ಮಳೆಯಲ್ಲೇ ಕೂತು ತಿಂದ. ಉಪಕಾರವಾಯಿತು ಎಂದು ಹೇಳಬೇಕೆಂದಿದ್ದೆ. ಹೇಳಲು ಬಾಯಿ ಬರಲಿಲ್ಲ.

ಆಮೇಲೆ ಕಾಲ ಹೋಯಿತು. ಗಣಿಗೆ ಯಂತ್ರ ಬಂತು, ಯಂತ್ರ ಬಂದ ಮೇಲೆ ಮೊದಲು ಕೆಲಸ ಹೋದದ್ದು ನಮ್ಮವರದು. ಎಜೆಲನಂಥ ಕೆಲವರು ಮಾತ್ರ ಗಣಿಗೆ ಬೀಗ ಬೀಳುವವರೆಗೆ ಉಳಿದರು. ನಮ್ಮ ಇಟ್ಟಿಗೆಯ ಶಾಲೆ ಮುಚ್ಚಿತು, ಮಕ್ಕಳು ಬಸ್ಸು ಹತ್ತಿ ಬಿಳಿಯರ ಶಾಲೆಗೆ ಹೋದರು. ಒಂದೊಂದೇ ಮನೆ ಡೆಟ್ರಾಯ್ಟ್‌ಗೆ, ಕ್ಲೀವ್‌ಲ್ಯಾಂಡ್‌ಗೆ ಎದ್ದು ಹೋಯಿತು. ಮೇ ತಿಂಗಳಲ್ಲಿ ಸಮಾಧಿಗೆ ಹೂವಿಡುವ ದಿನ ಎಲ್ಲರೂ ಕಾರು ತುಂಬಿಕೊಂಡು ಬರುತ್ತಾರೆ. ಆಗ ಕೊಳ್ಳದಲ್ಲಿ ನಗು, ಹಂದಿಮಾಂಸ ಸುಡುವ ಹೊಗೆ, ಕೂಸುಗಳ ಅಳು. ನಾಲ್ಕು ದಿನಕ್ಕೆ ಮತ್ತೆ ಖಾಲಿ. ಕೊನೆಗೆ ಕೊಳ್ಳದಲ್ಲಿ ಉಳಿದವರು ನಾವು ಕೆಲವರು ಮುದುಕಿಯರು, ಎದೆ ಕೆಟ್ಟ ಲಾಂಜೊ, ಮತ್ತು ಎಜೆಲ್.

ಎಜೆಲನ ಹೆಂಡತಿ ಆರ್ವೆಲಾ ತೀರಿಕೊಂಡಾಗ ಅವಳ ಗುಣಿಯನ್ನೂ ಅವನೇ ತೋಡಿದ. ಮನೆಯವರು ತೋಡಬಾರದು ಎಂಬ ಪದ್ಧತಿ ಇತ್ತು, ಆದರೆ ಬೇರೆ ಯಾರಿದ್ದರು? ಅವಳನ್ನು ಗುಡ್ಡದ ಮೇಲ್ಸಾಲಿನಲ್ಲಿ ಇಟ್ಟು, ತನ್ನ ಜಾಗವನ್ನು ಅವಳ ಪಕ್ಕಕ್ಕೆ ಗುರುತು ಮಾಡಿಕೊಂಡ.

ಅದಾಗಿ ಒಂದು ಬೇಸಿಗೆಯಲ್ಲಿ ನಾನು ಜಗಲಿಯಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ಎಜೆಲ್ ಬಂದು ಮೆಟ್ಟಿಲ ಮೇಲೆ ಕೂತ. ಒಂದು ಹಿಡಿ ಕಾಯಿ ತೆಗೆದುಕೊಂಡು ತಾನೂ ಮುರಿಯತೊಡಗಿದ. ಅವನು ಮಾತು ಹುಡುಕುತ್ತಿದ್ದ. ಮಾತು ಹುಡುಕುವವರಿಗೆ ಹೊತ್ತು ಕೊಡಬೇಕು.

"ಮೊಜೆಲಕ್ಕ, ನನ್ನ ಗುಣಿ ಯಾರು ತೋಡ್ತಾರೆ?"

"ನೀನು ಹೊರಡೋ ಆತುರದಲ್ಲಿದೀಯಾ?"

"ಆತುರ ಏನಿಲ್ಲ. ಆದ್ರೆ ಯಾರಿದಾರೆ ಹೇಳು. ಲಾಂಜೊ ಒಂದು ಸಲ ಪಿಕಾಸಿ ಎತ್ತಿದ್ರೆ ಅವನಿಗೂ ಸೇರಿಸಿ ಎರಡು ಗುಣಿ ಬೇಕಾಗತ್ತೆ."

"ಡೆಟ್ರಾಯ್ಟ್‌ನಿಂದ ಹುಡುಗರು ಬರ್ತಾರೆ."

"ಮೇ ತಿಂಗಳಲ್ಲೇ ಸಾಯ್ತೀನಿ ಅಂತ ಬರ್ಕೊಡ್ಲಾ ಅವರಿಗೆ?" ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿದ. "ಪೇಟೆಯಲ್ಲಿ ಹೆಣದ ಕೆಲಸ ಮಾಡೋರನ್ನ ಕೇಳಿ ಬಂದೆ. ಈ ಗುಡ್ಡಕ್ಕೆ ಯಂತ್ರ ಹತ್ತಲ್ಲ, ಕೈಯಲ್ಲಿ ತೋಡೋ ಆಳುಗಳು ನಮ್ಮಲ್ಲಿಲ್ಲ ಅಂದ್ರು. ಹೊಳೆ ಪಕ್ಕದ ಬಯಲಲ್ಲಿ ಹಾಕ್ತಾರಂತೆ. ಈಗ ನಮ್ಮನ್ನೂ ಸೇರಿಸ್ಕೋತಾರಂತಲ್ಲ ಅಲ್ಲಿ."

"ನೀನೇನಂದೆ?"

"ಬದುಕಿದ್ದಾಗ ಆ ಬೇಲಿ ದಾಟಿದ್ರೆ ನಾಯಿ ಬಿಡ್ತಿದ್ರು. ಸತ್ತ ಮೇಲೆ ಹೋಗಿ ಅಪರಿಚಿತರ ಮಧ್ಯೆ ಮಲಗ್ಬೇಕಾ? ಆರ್ವೆಲಾ ಮೇಲೆ ಒಬ್ಬಳೇ ಇರ್ತಾಳೆ." ಕಾಯಿ ಮುರಿಯುವುದು ನಿಲ್ಲಿಸಿದ. "ನಂಗೆ ಅವಳ ಪಕ್ಕ ಬೇಕು, ಅಕ್ಕ. ನಮ್ಮವರ ಕೈಯಲ್ಲೇ ಬೇಕು. ಇನ್ನೇನೂ ಬೇಡ."

ನಾನು ಉಳಿದ ಕಾಯಿಯನ್ನು ಇಬ್ಬರ ಮಧ್ಯೆ ಸುರಿದೆ. ಮುಗಿಯುವವರೆಗೆ ಇಬ್ಬರೂ ಮುರಿದೆವು.

ಮಾರನೆಯ ವಾರ ಗುಡ್ಡದ ಮೇಲಿಂದ ಪಿಕಾಸಿ ಸದ್ದು ಕೇಳಿತು. ಕೊಳ್ಳದಲ್ಲಿ ಯಾರೂ ಸತ್ತಿರಲಿಲ್ಲ. ಬೆಳಿಗ್ಗೆ ಶುರುವಾದ ಸದ್ದು ಮಧ್ಯಾಹ್ನ ನಿಂತಿತು. ಆಮೇಲೆ ಸಲಿಕೆಯಲ್ಲಿ ಮಣ್ಣು ಎಳೆಯುವ ಸದ್ದು. ಸಂಜೆಗೆ ಮುಂಚೆ ಎಜೆಲ್ ಕೆಳಗಿಳಿದು ಮನೆಗೆ ಹೋದ. ಎರಡು ದಿನ ಬಿಟ್ಟು ಮತ್ತೆ ಅದೇ. ಲಾಂಜೊ ಹೋಗಿ ನೋಡಿಬಂದು, "ತೋಡ್ತಾನೆ, ಮುಚ್ತಾನೆ. ಮತ್ತೆ ತೋಡ್ತಾನೆ, ಮತ್ತೆ ಮುಚ್ತಾನೆ. ಆರ್ವೆಲಾ ಹೋದ್ಮೇಲೆ ತಲೆ ಸರಿ ಇಲ್ಲ ಪಾಪ" ಎಂದ.

ವರ್ಬೀನಾ ಅಂತ ನನ್ನ ಪಕ್ಕದ ಮನೆಯವಳು. ನನಗಿಂತ ದೊಡ್ಡವಳು, ಬಾಯಿ ಇನ್ನೂ ದೊಡ್ಡದು. ಆಗ ಕಾಲು ಊದಿ, ಎದೆ ಬಡಿತ ತಪ್ಪಿ, ಒಂದು ತಿಂಗಳಿಂದ ಹಾಸಿಗೆ ಹಿಡಿದಿದ್ದಳು. ಈ ಸಲ ಇವಳು ಏಳುವುದಿಲ್ಲ ಎಂದು ನಾವೆಲ್ಲ ಒಳಗೊಳಗೇ ಅಂದುಕೊಂಡಿದ್ದೆವು. ನಾನು ಗಂಜಿ ತೆಗೆದುಕೊಂಡು ಹೋದಾಗ ಕಿವಿ ನಿಮಿರಿಸಿಕೊಂಡು ಕೂತಿದ್ದಳು.

"ಯಾರೇ ಸತ್ತಿದ್ದು?"

"ಯಾರೂ ಇಲ್ಲ ವರ್ಬೀನಕ್ಕ."

"ಮತ್ತೆ ಅದೇನು ಸದ್ದು?"

"ಎಜೆಲ್ ಅಗೀತಿದಾನೆ."

"ಯಾರಿಗೆ?"

ನಾನು ಗಂಜಿ ಕಲಕಿದೆ. ಅದೇ ನಾನು ಮಾಡಿದ ತಪ್ಪು.

"ಓಹೋ!" ಎಂದು ಹೊದಿಕೆ ಕಿತ್ತೆಸೆದಳು. "ನನ್ನ ಉಸಿರು ಇನ್ನೂ ಮೂಗಲ್ಲಿದೆ, ಆಗ್ಲೇ ಅಳತೆ ತಗೊಳ್ತಿದಾನಾ ಆ ಹಾಳಾದೋನು! ನನ್ನ ಟೋಪಿ ಕೊಡೇ."

"ಯಾವ ಟೋಪಿ?"

"ಚರ್ಚಿಂದು. ಬೈಯೋಕ್ ಹೋಗ್ತಿದೀನಿ, ತಲೆ ಬೋಳು ಬಿಟ್ಕೊಂಡ್ ಹೋಗ್ಲಾ?"

ಮಲಗುವ ಅಂಗಿಯ ಮೇಲೆ ಕೋಟು, ತಲೆಗೆ ಗರಿಯಿರುವ ನೇರಳೆ ಟೋಪಿ, ಊದಿದ ಕಾಲಿಗೆ ಸತ್ತ ಗಂಡನ ಬೂಟು. ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದು, ನಿಂತಾಗಲೆಲ್ಲ ಎಜೆಲನ ಅಪ್ಪನಿಂದ ಹಿಡಿದು ಬೈದು, ಅವಳು ಆ ಗುಡ್ಡ ಹತ್ತಿದಳು. ನಾನು ಹಿಂದಿನಿಂದ ಸೊಂಟ ಹಿಡಿದು ತಳ್ಳಿದೆ. ಮೇಲೆ ಎಜೆಲ್ ಆರ್ವೆಲಾಳ ಪಕ್ಕ ಸೊಂಟಮಟ್ಟದ ಗುಣಿಯಲ್ಲಿ ಮಂಡಿಯೂರಿದ್ದ. ತಲೆ ಮಾತ್ರ ಕಾಣುತ್ತಿತ್ತು.

"ಏಯ್ ಎಜೆಲ್! ಯಾರದೋ ಅದು?"

ಅವನು ಟೋಪಿಯ ಗರಿ ನೋಡಿ ಬೆಚ್ಚಿದ. "ನಂದು, ವರ್ಬೀನಕ್ಕ."

"ಸುಳ್ಳು! ನೀನು ಗೂಳಿ ಥರ ಇದೀಯ. ನಂದೇ ಅದು."

"ನಿಮ್ಮ ಜಾಗ ಅಲ್ಲಿದೆಯಲ್ಲಕ್ಕ, ಓಕ್ ಮರದ ಹತ್ರ, ಜೂಬಲಣ್ಣನ ಪಕ್ಕ."

"ಜೂಬಲ್ ಪಕ್ಕ ನಾನು ಮಲಗಲ್ಲ. ಬದುಕಿರೋವರೆಗೂ ಗೊರಕೆ ಹೊಡ್ದು ನನ್ನ ನಿದ್ದೆ ಕೆಡಿಸ್ದ. ಈಗ ಆ ಕಡೆ ಒಂದು ಗುದ್ದಲಿ ಬೀಳ್ಲಿ, ನಿನ್ನ ಕೈ ಮುರೀತೀನಿ."

"ಬೀಳಲ್ಲಕ್ಕ."

"ಆಣೆ ಮಾಡು."

"ಚರ್ಚಿನೋರು ಆಣೆ ಮಾಡ್ಬಾರ್ದಲ್ವಾ" ಎಂದು ಎಜೆಲ್ ತಲೆ ತಗ್ಗಿಸಿದ. ಅವನು ಆಣೆ ಮಾಡಲಿಲ್ಲ. ನಾನು ಅದನ್ನು ಗಮನಿಸಿದ್ದೆ, ಆದರೆ ಅರ್ಥ ಮಾಡಿಕೊಳ್ಳಲಿಲ್ಲ.

ವರ್ಬೀನಾ ಅವತ್ತಿನಿಂದ ಹಾಸಿಗೆ ಹಿಡಿಯಲಿಲ್ಲ. ಎಜೆಲ್ ತನ್ನ ಜಾಗಕ್ಕೆ ಕೈ ಹಾಕಿದ್ದಾನೋ ಎಂದು ನೋಡಲು ಆಗಾಗ ಗುಡ್ಡ ಹತ್ತಿ ಇಳಿದು, ಕಾಲಿನ ಊತ ಇಳಿಯಿತು, ಊಟ ಸೇರಿತು. ಡಾಕ್ಟರು ತಮ್ಮ ಮಾತ್ರೆಯ ಗುಣ ಎಂದುಕೊಂಡರು.

ಬೈದು ಹೋದ ಆ ದಿನ ಅವಳು ಇಳಿಯತೊಡಗಿದ ಮೇಲೆ ಎಜೆಲ್ ನನ್ನನ್ನು ನಿಲ್ಲಿಸಿ ಹೇಳಿದ್ದ. "ಕಲ್ಲೆಲ್ಲ ತೆಗೀತಿದೀನಿ, ಅಕ್ಕ. ಬಂಡೆ ಒಡ್ದು, ಕಲ್ಲು ಹೊರಗೆ ಹಾಕಿ, ಬರೀ ಮಣ್ಣು ವಾಪಸ್ ತುಂಬ್ತೀನಿ, ಸಾಲದಿದ್ರೆ ನನ್ನ ತೋಟದಿಂದ ಹೊತ್ತು ತರ್ತೀನಿ. ಹೊತ್ತು ಮುಳುಗೋದ್ರೊಳಗೆ ಮುಚ್ಚಿಬಿಡ್ತೀನಿ, ಪದ್ಧತಿ ತಪ್ಪಲ್ಲ. ಆ ದಿನ ಬಂದಾಗ ನೀವು ಹೆಂಗಸ್ರು ತೋಟದ ಗುದ್ದಲಿ ತಂದ್ರೂ ಸಾಕು. ಮೆತ್ತಗಿರೋ ಕಡೆ ಅಗೀರಿ, ಗಟ್ಟಿ ಸಿಕ್ಕಿದಲ್ಲಿ ನಿಲ್ಸಿ. ಅದೇ ಅಳತೆ."

ಆ ಬೇಸಿಗೆ ಕಳೆದು ಶರತ್ಕಾಲ ಬಂದರೂ ಸದ್ದು ನಿಲ್ಲಲಿಲ್ಲ. ವರ್ಬೀನಾ ಕ್ಲೀವ್‌ಲ್ಯಾಂಡಿನ ತಂಗಿಯ ಮನೆಗೆ ಹೋಗಿದ್ದ ತಿಂಗಳಂತೂ ದಿನ ಬಿಡದೆ ಕೇಳುತ್ತಿತ್ತು. ಸದ್ದು ಓಕ್ ಮರದ ಕಡೆಯಿಂದ ಬಂದಂತೆ ಅನಿಸಿತು. ಗಾಳಿ ತಿರುಗಿರಬೇಕು ಎಂದುಕೊಂಡೆ. ತೆಗೆದ ಕಲ್ಲುಗಳನ್ನು ಎಜೆಲ್ ಗುಡ್ಡದ ದಾರಿಗೆ ಮೆಟ್ಟಿಲಾಗಿ ಜೋಡಿಸುತ್ತಿದ್ದ, ಪೆಟ್ಟಿಗೆ ಹೊರುವವರ ಕಾಲು ಜಾರದಿರಲಿ ಎಂದು. ಮುಂದಿನ ವರ್ಷದ ಬೇಸಿಗೆ ಮುಗಿಯುವ ಹೊತ್ತಿಗೆ ಮೆಟ್ಟಿಲು ಬುಡದಿಂದ ಮೇಲ್ಸಾಲಿನವರೆಗೆ ಮುಟ್ಟಿತು. ಅಷ್ಟು ಕಲ್ಲು ಒಂದೇ ಗುಣಿಯಿಂದ ಬರುವುದಿಲ್ಲ ಎಂದು ನನಗೆ ಹೊಳೆಯಬೇಕಿತ್ತು.

ಎಜೆಲ್ ಅದರ ಮುಂದಿನ ಮಾರ್ಚ್ ತಿಂಗಳಲ್ಲಿ ತೀರಿಕೊಂಡ. ಬೆಳಿಗ್ಗೆ ಅವನ ಚಿಮಣಿಯಲ್ಲಿ ಹೊಗೆ ಕಾಣಲಿಲ್ಲ, ಹೋಗಿ ನೋಡಿದೆ. ಕುರ್ಚಿಯಲ್ಲೇ ಹೋಗಿದ್ದ, ಬೂಟಿನ ದಾರ ಕಟ್ಟುತ್ತ ಇದ್ದವನ ಹಾಗೆ.

ಡೆಟ್ರಾಯ್ಟ್‌ನಿಂದ ಅವನ ಮಗಳು ಅರ್ನೆಸ್ಟೀನ್ ಹಿಮ ಬಿದ್ದ ರಸ್ತೆಯಲ್ಲಿ ಒಬ್ಬಳೇ ಕಾರು ಓಡಿಸಿಕೊಂಡು ಬಂದಳು. ಆಸ್ಪತ್ರೆಯಲ್ಲಿ ನರ್ಸುಗಳ ಮೇಲ್ವಿಚಾರಣೆ ಮಾಡುವವಳು, ಯಾವುದನ್ನಾದರೂ ಕೂಡಲೇ ತೀರ್ಮಾನ ಮಾಡುವ ಹೆಣ್ಣು. ದಾರಿಯಲ್ಲೇ ಪೇಟೆಯ ಹೆಣದ ಕೆಲಸದವರ ಜೊತೆ ಮಾತಾಡಿ, ಹೊಳೆಯ ಪಕ್ಕದ ಬಯಲಿನಲ್ಲಿ ಜಾಗ ಗೊತ್ತುಮಾಡಿಯೇ ಬಂದಿದ್ದಳು. ನನ್ನ ಅಡುಗೆಮನೆಯಲ್ಲಿ ಕೂತು ಅದನ್ನು ಹೇಳಿದಾಗ ವರ್ಬೀನಾ ಕೈಯಲ್ಲಿದ್ದ ಲೋಟ ಕುಕ್ಕಿದಳು.

"ನಿಮ್ಮಪ್ಪನ್ನ ಆ ಬಯಲಿಗಾ?"

"ಆಂಟಿ, ನಂಗೂ ಇಷ್ಟ ಇಲ್ಲ. ಆದ್ರೆ ಯಾರು ತೋಡ್ತಾರೆ? ಪಕ್ಕದೂರಿನ ಚರ್ಚಿನೋರು ಹೊರೋಕೆ ಬರ್ತೀವಿ ಅಂದಿದಾರೆ. ತೋಡೋಕೆ ಅಲ್ಲಿ ಉಳಿದಿರೋರೂ ಮುದುಕರೇ. ಆ ಬಂಡೇಲಿ ತೋಡೋಕೆ ಯಾರನ್ನ ಕೇಳ್ಲಿ ನಾನು?"

"ನಾವು ತೋಡ್ತೀವಿ" ಎಂದೆ.

ಅವಳು ನನ್ನ ಕೈ ನೋಡಿದಳು, ವರ್ಬೀನಾಳ ಕಾಲು ನೋಡಿದಳು. "ನಿಮ್ಮಿಬ್ಬರ ವಯಸ್ಸು ಕೂಡಿಸಿದ್ರೆ ಈ ಊರಿನ ವಯಸ್ಸಿಗಿಂತ ಜಾಸ್ತಿ ಆಗತ್ತೆ, ಆಂಟಿ."

"ನಿಮ್ಮಪ್ಪ ಕಲ್ಲು ತೆಗೆದಿಟ್ಟಿದಾನೆ ಮಗಳೇ. ಒಂದು ಬೆಳಿಗ್ಗೆ ಕೊಡು ನಮಗೆ."

ಅವಳಿಗೆ ನಾನು ಎಲ್ಲವನ್ನೂ ಹೇಳಿದೆ. ಅವಳು ಕೇಳಿಸಿಕೊಂಡು ಎದ್ದಳು. ಪೇಟೆಗೆ ಫೋನ್ ಮಾಡಿ ಕೇಳಿಕೊಂಡಳು. ಅವರು ಕೆಟ್ಟವರಲ್ಲ, ಒಪ್ಪಿದರು. ಮಧ್ಯಾಹ್ನದೊಳಗೆ ಗುಡ್ಡದ ಮೇಲೆ ಗುಣಿ ಸಿದ್ಧವಾದರೆ ಗುಡ್ಡಕ್ಕೆ, ಇಲ್ಲವಾದರೆ ಬಯಲಿಗೆ. ಬಯಲಿನ ಯಂತ್ರ ಕಾಯುತ್ತಿರುತ್ತದೆ.

ರಾತ್ರಿಯೆಲ್ಲ ನನಗೆ ಒಂದೇ ಯೋಚನೆ. ಎಜೆಲ್ ಆ ಮಣ್ಣು ತುಂಬಿ ಎಷ್ಟು ಕಾಲವಾಯಿತು. ಮಳೆ ಬಿದ್ದಿದೆ, ಹಿಮ ಬಿದ್ದಿದೆ. ಮಣ್ಣು ಕೂತು ಗಟ್ಟಿಯಾಗಿದ್ದರೆ? ಹೆಪ್ಪುಗಟ್ಟಿದ್ದರೆ?

ಬೆಳಕು ಹರಿಯುತ್ತಲೇ ಹೊರಟೆವು. ತೋಟದ ಗುದ್ದಲಿ, ಬೂದಿ ಎತ್ತುವ ಸಲಿಕೆ, ಮಣ್ಣು ಹೊರಲು ಪಾತ್ರೆ ತೊಳೆಯುವ ದೊಡ್ಡ ಬೋಗುಣಿ. ಲಾಂಜೊ ಎಜೆಲನ ಮೆಟ್ಟಿಲುಗಳ ಮೇಲೆ ಒಂದೊಂದಾಗಿ ಕೂತು ಎದ್ದು ಮೇಲೆ ಬಂದ. ಅರ್ನೆಸ್ಟೀನ್ ನಗರದ ಬೂಟು ಹಾಕಿಕೊಂಡು ಬಂದಿದ್ದಳು, ಕೈಯಲ್ಲಿ ಅಪ್ಪನ ಹಾರೆ.

ಆರ್ವೆಲಾಳ ಪಕ್ಕ ನಾನು ಮೊದಲ ಗುದ್ದಲಿ ಹಾಕಿದೆ. ಠಣ್ ಎಂದಿತು.

ವರ್ಬೀನಾ ಕಣ್ಣು ಮುಚ್ಚಿಕೊಂಡಳು. ನಾನು ಆ ಸದ್ದನ್ನೇ ಮತ್ತೆ ನೆನೆದೆ. ಕಲ್ಲಿನ ಸದ್ದಲ್ಲ ಅದು. ತೆಳ್ಳಗಿನ, ಒಡೆಯುವ ಸದ್ದು. "ಮಂಜಿನ ಗಟ್ಟಿ ಅಷ್ಟೇ, ಮೇಲ್ಪದರ. ಅರ್ನೆಸ್ಟೀನ್, ಹಾರೆ ಹಾಕು" ಎಂದೆ.

ಅವಳು ಹಾರೆ ಎತ್ತಿ ಕುಕ್ಕಿದಳು. ಸಿಪ್ಪೆ ಒಡೆದಂತೆ ಒಡೆದು, ಹಾರೆ ಅರ್ಧದವರೆಗೆ ಒಳಗಿಳಿಯಿತು. ಅವಳು ಮುಗ್ಗರಿಸಿ ಅದರ ಮೇಲೇ ಬಿದ್ದಳು. ಲಾಂಜೊ ಕಲ್ಲಿನ ಮೇಲಿಂದ ಕೆಮ್ಮುತ್ತಲೇ ಕೂಗಿದ. "ಹಿಟ್ಟು ಕಣ್ರೋ! ಜರಡಿ ಹಿಡಿದಿಟ್ಟಿದಾನೆ ನನ್ಮಗ!"

ಆಮೇಲೆ ನಡೆದದ್ದು ಕೆಲಸ. ನಾನು ಎಳೆದು ಹಾಕಿದೆ, ವರ್ಬೀನಾ ಬೋಗುಣಿಯಲ್ಲಿ ಹೊತ್ತಳು. ಸೊಂಟದ ಆಳಕ್ಕೆ ಹೋದ ಮೇಲೆ ನಮ್ಮ ಕೈಲಿ ಆಗಲಿಲ್ಲ. ಅರ್ನೆಸ್ಟೀನ್ ಒಳಗಿಳಿದಳು. ನಿಂತು ಅಗೆಯಲು ಅವಳಿಗೆ ಬರಲಿಲ್ಲ, ಬೆನ್ನು ಹಿಡಿಯಿತು. ಲಾಂಜೊ ತನ್ನ ಕೋಟಿನೊಳಗಿಂದ ಎಜೆಲನ ಮಂಡಿಕಟ್ಟು ತೆಗೆದು ಅವಳ ಕಡೆ ಎಸೆದ.

"ಕಟ್ಕೋ ಮಗಳೇ. ನಿಮ್ಮನೇಲಿ ಯಾರೂ ನಿಂತು ಅಗೆದೋರಲ್ಲ."

ಅವಳು ಕಟ್ಟಿಕೊಂಡು ಮಂಡಿಯೂರಿದಳು. ಅಪ್ಪನದೇ ಭಂಗಿ, ತಲೆ ಬಾಗಿಸುವುದೂ ಹಾಗೇ. ಮೆತ್ತಗಿರುವ ಕಡೆ ಅಗೆದಳು, ಗಟ್ಟಿ ಸಿಕ್ಕಲ್ಲಿ ನಿಲ್ಲಿಸಿದಳು. ಗೋಡೆಯಲ್ಲಿ ಎಜೆಲನ ಪಿಕಾಸಿಯ ಗೀರುಗಳು ಹಾಗೇ ಇದ್ದವು. ಒಂದು ಕಡೆ ಮಣ್ಣು ಒಳಕ್ಕೆ ಒಳಕ್ಕೆ ಸಡಿಲವಾಗುತ್ತ ಹೋಯಿತು, ಆರ್ವೆಲಾಳ ಕಡೆಗೆ.

"ಇಲ್ಲಿ ಬದೀನೂ ಮೆತ್ತಗಿದೆ, ಆಂಟಿ. ಅಗೀಲಾ?"

"ಅಲ್ಲಿ ಬುಡ ಕಡಿದಿದಾನೆ" ಎಂದ ಲಾಂಜೊ. "ಹೆಂಡ್ತಿ ಹತ್ರ ಹೋದ್ರೂ ಇದ್ದಲು ಸಿಗತ್ತೇನೋ ಅಂತ ನೋಡಿದಾನೆ."

ಅರ್ನೆಸ್ಟೀನ್ ಗುಣಿಯೊಳಗೆ ಕೂತೇ ನಕ್ಕಳು, ನಗುತ್ತಲೇ ಅತ್ತಳು. "ಫೋನ್ ಮಾಡಿದಾಗೆಲ್ಲ ಗುಡ್ಡದ ಮೇಲೆ ತೋಟ ಮಾಡ್ತಿದೀನಿ ಅಂತಿದ್ದ ಅಪ್ಪ. ಏನ್ ಹಾಕಿದೀಯ ಅಂದ್ರೆ ಹೇಳ್ತಿರ್ಲಿಲ್ಲ."

ಹೊತ್ತು ನೆತ್ತಿಗೇರುವ ಮೊದಲೇ ಗುಣಿ ಸಿದ್ಧವಾಯಿತು. ವರ್ಬೀನಾ ಸುಸ್ತಾಗಿ ಓಕ್ ಮರದ ಕಡೆ ನಡೆದಳು. ಗಂಡನ ಕಲ್ಲಿನ ಪಕ್ಕ ಗುದ್ದಲಿ ತಲೆಕೆಳಗಾಗಿ ಊರಿ, ಅದರ ಮೇಲೆ ಭಾರ ಬಿಟ್ಟು ನಿಂತಳು. ಗುದ್ದಲಿಯ ಕಾವು ಸರ್ರನೆ ನೆಲದೊಳಗೆ ಹೋಯಿತು. ಅವಳು ಅಂಡೂರಿ ಕೂತಳು.

ಓಡಿ ಹೋದೆವು. ಪೆಟ್ಟೇನೂ ಆಗಿರಲಿಲ್ಲ. ಅವಳು ಕೂತಲ್ಲೇ ಎರಡೂ ಕೈಯಿಂದ ಮಣ್ಣು ಕೆದಕಿದಳು. ಕರಿ ಮಣ್ಣು, ಒಂದು ಹರಳಿಲ್ಲ.

"ಕಳ್ಳ!" ಎಂದು ಕಿರುಚಿದಳು. "ಕ್ಲೀವ್‌ಲ್ಯಾಂಡ್‌ಗೆ ಹೋಗಿದ್ದಾಗ ತೋಡಿಬಿಟ್ಟಿದಾನೆ ಕಳ್ಳ! ಆಣೆ ಮಾಡು ಅಂದ್ರೆ ಮಾಡ್ಲಿಲ್ಲ ನೋಡು!" ಅವಳ ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು. ಬೈಯುವುದು ನಿಲ್ಲಲಿಲ್ಲ. ಅಷ್ಟು ಪ್ರೀತಿಯಿಂದ ಯಾರಾದರೂ ಯಾರನ್ನಾದರೂ ಬೈದದ್ದನ್ನು ನಾನು ಕೇಳಿಲ್ಲ.

ನಾನು ಅವಳನ್ನು ಬಿಟ್ಟು ಬರ್ಲ್‌ನ ಪಕ್ಕ ನನಗೆಂದಿದ್ದ ಜಾಗಕ್ಕೆ ಹೋದೆ. ಹಾಸುಬಂಡೆಯ ಜಾಗ ಅದು. ಬಗ್ಗಿ, ಬೆರಳು ಊರಿದೆ. ಬಿಸಿಲಿಗೆ ಸಡಿಲಾಗಿದ್ದ ಹಿಮದ ಸಿಪ್ಪೆ ಒಡೆಯಿತು, ಬೆರಳು ಒಳಗೆ ಹೋಯಿತು. ಅಲ್ಲೂ ಬಂಡೆ ಒಡೆದು ತೆಗೆದಿದ್ದ. ಆ ವಯಸ್ಸಿನಲ್ಲಿ, ಒಬ್ಬನೇ, ಮಂಡಿಯೂರಿ. ಲಾಂಜೊನ ಅಮ್ಮನ ಪಕ್ಕದಲ್ಲೂ ಹಾಗೇ ಇತ್ತು. ಕೊಳ್ಳದಲ್ಲಿ ಉಳಿದವರು ಯಾರನ್ನೂ ಅವನು ಬಿಟ್ಟಿರಲಿಲ್ಲ. ಲಾಂಜೊ ಮಾತ್ರ ತನ್ನ ಜಾಗವನ್ನು ಬೂಟಿನಿಂದ ಒತ್ತಿ ನೋಡಿ, "ಸ್ವಲ್ಪ ಉದ್ದ ಕಮ್ಮಿ ಮಾಡಿದಾನೆ. ನಾನು ಕುಗ್ಗಿದೀನಿ ಅಂತ ಯಾರೋ ಹೇಳಿರ್ಬೇಕು" ಎಂದ.

ಎಜೆಲನನ್ನು ಅವನ ಮೆಟ್ಟಿಲುಗಳ ಮೇಲೆಯೇ ಹೊತ್ತು ತಂದರು. ಹೊರಲು ಬಂದವರಲ್ಲಿ ಗಣಿಯಲ್ಲಿ ಅವನ ಜೊತೆ ಮಂಡಿಯೂರಿದ್ದ ಬಿಳಿಯರೂ ಇದ್ದರು. ಒಬ್ಬರ ಕಾಲೂ ಜಾರಲಿಲ್ಲ. ಆರ್ವೆಲಾಳ ಪಕ್ಕ ಇಳಿಸಿ, ಅವನೇ ಹಸನು ಮಾಡಿಟ್ಟ ಮಣ್ಣು ಎಳೆದೆವು. ಸೂರ್ಯ ಇನ್ನೂ ಮೇಲಿತ್ತು.

ಆಮೇಲೆ ಊಟ. ಮೊದಲ ತಟ್ಟೆ ಬಡಿಸಿ ಅರ್ನೆಸ್ಟೀನ್ ನಮ್ಮ ಹತ್ತಿರ ತಂದಳು. "ತೋಡಿದವರಿಗೆ ಮೊದಲು ಅಲ್ವಾ? ತಗೊಳ್ಳಿ ಆಂಟಿ."

ವರ್ಬೀನಾ ಕೈ ಅಡ್ಡ ಹಿಡಿದಳು. "ನಾವು ಎಲ್ಲಿ ತೋಡಿದ್ವಿ? ಮಣ್ಣು ಆಚೆ ತೆಗೆದಿಟ್ವಿ ಅಷ್ಟೇ. ತೋಡಿದೋನು ಅಲ್ಲಿದಾನೆ."

ಆ ತಟ್ಟೆಯನ್ನು ನಾನೇ ತೆಗೆದುಕೊಂಡು ಹೋದೆ. ರೊಟ್ಟಿಯನ್ನು ಮಜ್ಜಿಗೆಗೆ ಮುರಿದು ಹಾಕಿ, ಹಸಿ ಮಣ್ಣಿನ ಮೇಲೆ ಅವನ ತಲೆಯ ಹತ್ತಿರ ಇಟ್ಟೆ. ಬರ್ಲ್ ಹೋದ ದಿನ ಬಾಯಿಗೆ ಬಾರದಿದ್ದ ಮಾತು ಆಗ ಬಂತು. ಉಪಕಾರವಾಯಿತು ಎಂದು ಗಟ್ಟಿಯಾಗಿ ಹೇಳಿದೆ, ಎಲ್ಲರಿಗೂ ಕೇಳುವಂತೆ.

ಅರ್ನೆಸ್ಟೀನ್ ಈಗ ಪ್ರತಿ ಮೇ ತಿಂಗಳು ಬರುತ್ತಾಳೆ. ಮಂಡಿಕಟ್ಟು ಅವಳ ಕಾರಿನಲ್ಲೇ ಇರುತ್ತದೆ. ಲಾಂಜೊನನ್ನು ನೆಲಕ್ಕೆ ಕೊಟ್ಟದ್ದೂ ಅವಳೇ, ಜಾಗ ಅವನಿಗೆ ಸರಿಯಾಗಿಯೇ ಹಿಡಿಯಿತು.

ವರ್ಬೀನಾ ಮಾತ್ರ ಬಹಳ ವರ್ಷ ಹೊರಡಲಿಲ್ಲ. "ಇಷ್ಟು ಒಳ್ಳೆ ಮಣ್ಣು ಸುಮ್ನೆ ಬಿಡ್ತಾರಾ ಯಾರಾದ್ರೂ" ಎಂದು ತನ್ನ ಜಾಗದಲ್ಲಿ ಸಿಹಿಗೆಣಸು ನೆಟ್ಟಳು. ಈ ಕೊಳ್ಳದಲ್ಲಿ ಅಷ್ಟು ದಪ್ಪ ಗೆಣಸು ಯಾರ ತೋಟದಲ್ಲೂ ಬಂದಿಲ್ಲ. ಅದರ ಹೂರಣ ತುಂಬಿ ಸಿಹಿ ಪೈ ಬೇಯಿಸಿ ಚರ್ಚಿಗೆ ತಂದರೆ ಯಾರೂ ಮುಟ್ಟುತ್ತಿರಲಿಲ್ಲ. ನಾನೊಬ್ಬಳೇ ತಿನ್ನುತ್ತಿದ್ದೆ. ರುಚಿಯಾಗಿತ್ತು. ಅವಳೂ ಹೋದ ಮೇಲೆ, ಉಳಿದ ಬಳ್ಳಿಯನ್ನು ಕಿತ್ತು ತಂದು ನನ್ನ ಜಾಗದಲ್ಲಿ ನೆಟ್ಟಿದ್ದೇನೆ. ವರ್ಷಕ್ಕೊಮ್ಮೆ ಗೆಣಸು ಅಗೆದಂತೆಯೂ ಆಯಿತು, ಮಣ್ಣು ಗಟ್ಟಿಯಾಗದಂತೆಯೂ ಆಯಿತು. ಅಗೆದ ದಿನ ಹೊತ್ತು ಮುಳುಗುವುದರೊಳಗೆ ಮಣ್ಣೆಳೆದು ಮುಚ್ಚಿಯೇ ಕೆಳಗಿಳಿಯುತ್ತೇನೆ.